ಒಣ ಮರಳೋ, ಜೀವಂತ ಮರಳೋ?

ಕಲಬುರಗಿಯಲ್ಲಿ ಹವಳದ ತೊಟ್ಟಿ (ಉಪ್ಪುನೀರಿನ ಅಕ್ವೇರಿಯಂ) ಇಡುವವರಿಗೆ ತಳಕ್ಕೆ ಹಾಸಲು ನಾನು ಒಣ ಅರಗೊನೈಟ್ ಮರಳನ್ನೇ, ಅಂದರೆ ಸುಣ್ಣದ ಮರಳನ್ನೇ, ಹೇಳುತ್ತೇನೆ. ಜೀವಂತ ಮರಳಿನಲ್ಲಿ ಮೀನಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ, ತೊಳೆಯುವ ಕೆಲಸವೂ ಇಲ್ಲ, ನಿಜ. ಆದರೆ ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲಿ ಲಾರಿಯೊಳಗೆ ಬೆಂದು ಬಂದ ಚೀಲದಲ್ಲಿ ಎಷ್ಟು ಜೀವ ಉಳಿದೀತು? ಒಣ ಮರಳು ಅಗ್ಗ. ಬಕೆಟ್‌ಗೆ ಸುರಿದು ಕೈಯಾಡಿಸಿದರೆ ನೀರು ಹಾಲಿನಂತಾಗುತ್ತದೆ. ತಿಳಿಯಾಗುವವರೆಗೂ, ಹತ್ತು ಸಲವಾದರೂ ಸರಿ, ತೊಳೆಯಿರಿ. ಕೊನೆಯ ಸಲ ಆರ್‌ಒ ನೀರಲ್ಲಿ (ಫಿಲ್ಟರಿನಲ್ಲಿ ಲವಣ ತೆಗೆದ ನೀರು). ಬ್ಯಾಕ್ಟೀರಿಯಾ ಬೆಳೆಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೀನು ಬಿಡಬೇಡಿ. ಹೊಳೆಮರಳು ಈ ಸುಣ್ಣದ ಮರಳಿನ ಬದಲಿಗೆ ಬಾರದು.

ತೊಟ್ಟಿಯ ನೀರು ತಂಪಾಗಿಡಲು ಫ್ಯಾನೋ, ಚಿಲ್ಲರೋ (ನೀರು ತಣಿಸುವ ಯಂತ್ರ)? ನಮ್ಮ ಒಣ ಗಾಳಿಯಲ್ಲಿ ಫ್ಯಾನ್ ಚೆನ್ನಾಗಿ ತಂಪು ಮಾಡುತ್ತದೆ. ಆದರೆ ನೀರು ಜಾಸ್ತಿ ಆವಿಯಾಗಿ ಉಪ್ಪು ಏರುತ್ತದೆ, ದಿನಾ ಉಪ್ಪಿಲ್ಲದ ಆರ್‌ಒ ನೀರು ತುಂಬಿಸಬೇಕು. ಹವಳಕ್ಕೆ 26 ಡಿಗ್ರಿ ಸುತ್ತಮುತ್ತ ಹಿತ. ಮೇ ತಿಂಗಳಿಗೆ ಚಿಲ್ಲರನ್ನೇ ಕೊಳ್ಳಿ.