ಸಿಪ್ಯಾಪ್ ಮಾಸ್ಕ್: ನನ್ನ ಮೂಗಿಗೂ ಕೊಡಗಿನ ಮಳೆಗಾಲಕ್ಕೂ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಗಿಗೆ ಮಾತ್ರ ಕೂರುವ ನೇಸಲ್ ಮಾಸ್ಕ್‌ಗೆ. ನಿದ್ದೆಯಲ್ಲಿ ಉಸಿರು ನಿಲ್ಲುವವರಿಗೆ ರಾತ್ರಿಯಿಡೀ ಮಾಸ್ಕ್ ಮೂಲಕ ಗಾಳಿ ಊದುವ ಮೆಷಿನ್ನೇ ಸಿಪ್ಯಾಪ್. ಅಂಗಡಿಯವರು ಆ ಮೆಷಿನ್ ಜೊತೆ ಕೊಟ್ಟಿದ್ದು ಬಾಯಿ, ಮೂಗು ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. "ಎಲ್ಲರೂ ಇದನ್ನೇ ತಗೊಳ್ಳೋದು ಮೇಡಂ" ಅಂದರು. ಮೆಷಿನ್ ಯಾವ ಕಂಪನಿದು ಅಂತ ಜನ ಹತ್ತು ಕಡೆ ವಿಚಾರಿಸುತ್ತಾರೆ. ಮಾಸ್ಕನ್ನು ಮಾತ್ರ ಸೀರೆ ಜೊತೆ ಸಿಗುವ ಬಟ್ಟೆ ಚೀಲದ ಥರ ಸುಮ್ನೆ ತಗೊಂಡು ಬರುತ್ತಾರೆ. ರಾತ್ರಿಯಿಡೀ ಮುಖದ ಮೇಲೆ ಇರುವುದು ಅದೇ ಅಲ್ವಾ?

ನನಗೆ ಗೊರಕೆ ಅಷ್ಟೇನೂ ಇರಲಿಲ್ಲ. ಬೆಳಿಗ್ಗೆ ತಲೆನೋವು, ರಾತ್ರಿ ಮತ್ತೆ ಮತ್ತೆ ಬಾತ್‌ರೂಮಿಗೆ ಏಳುವುದು, ಮಧ್ಯಾಹ್ನ ತೋಟದ ಕೂಲಿ ಲೆಕ್ಕ ಬರೆಯುವಾಗ ತೂಕಡಿಕೆ. ಮುಟ್ಟು ನಿಂತ ಮೇಲೆ ಇದೆಲ್ಲ ಇದ್ದದ್ದೇ ಅಂತ ಮನೆಯಲ್ಲಿ ಹಿರಿಯರು ಅಂದರು. ಆ ವಯಸ್ಸಿನ ನಂತರ ಹೆಂಗಸರಲ್ಲಿ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಜಾಸ್ತಿ ಕಾಣುತ್ತದೆ ಅಂತ ಹೇಳಿದ್ದು ಮೈಸೂರಿನ ಡಾಕ್ಟರು. ಮನೆಯಲ್ಲೇ ಮಾಡುವ ಟೆಸ್ಟ್ ಬರೆದುಕೊಟ್ಟರು. ಎದೆಗೊಂದು ಪಟ್ಟಿ, ಬೆರಳಿಗೆ ಕ್ಲಿಪ್, ಮೂಗಿಗೆ ಸಣ್ಣ ಟ್ಯೂಬ್, ಅಷ್ಟೆ. ಎಎಚ್‌ಐ 34 ಬಂತು. ಅಂದರೆ ಗಂಟೆಗೆ ಸರಾಸರಿ 34 ಸಲ ಉಸಿರು ನಿಲ್ಲುವುದು, ಇಲ್ಲವೇ ತೀರಾ ಕಮ್ಮಿಯಾಗುವುದು. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ.

ನಿದ್ದೆಯಲ್ಲಿ ಗಂಟಲಿನ ದಾರಿ ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಮೆಷಿನ್ ಊದುವ ಗಾಳಿ ಅದನ್ನು ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರು ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು ಮೊದಲು ತೋರಿಸಿಕೊಟ್ಟಾಗಲೂ ಗಾಳಿ ಕೊಟ್ಟಿದ್ದು ಮೂಗಿನಿಂದಲೇ. ನಮ್ಮ ಅಂಗಡಿಯವರಿಗೆ ಇದನ್ನು ಯಾರಾದರೂ ಹೇಳಬೇಕು.

ಫುಲ್ ಫೇಸ್‌ನಲ್ಲಿ ಗಾಳಿ ಮೂಗಿನ ಮೇಲ್ಭಾಗದಿಂದ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಮೂಗಿನ ಮೇಲೆ ಕೆಂಪು ಗುರುತು. ಅದನ್ನಾದರೂ ಸಹಿಸಬಹುದಿತ್ತು. ತಡೆಯಲಾಗದ್ದು ಕರೆಂಟ್ ಹೋದಾಗಿನ ಪಾಡು.

ನಮ್ಮ ಮನೆ ಸೋಮವಾರಪೇಟೆ ಕಡೆ, ತೋಟದ ಒಳಗೆ. ಜೂನ್‌ನಿಂದ ಗಾಳಿ ಮಳೆ ಶುರುವಾದರೆ ಸಿಲ್ವರ್ ಮರವೋ ಕೊಂಬೆಯೋ ಲೈನ್ ಮೇಲೆ ಬೀಳುವುದು ಮಾಮೂಲಿ. ಲೈನ್‌ಮ್ಯಾನ್ ಬಂದು ಸರಿ ಮಾಡುವಷ್ಟರಲ್ಲಿ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಇನ್ವರ್ಟರ್ ಇದೆ, ನಿಜ. ಆದರೆ ಎರಡನೇ ರಾತ್ರಿಗೆ ಅದರಲ್ಲೇನು ಉಳಿದಿರುತ್ತದೆ? ನಡುರಾತ್ರಿ ಮೆಷಿನ್ ನಿಂತುಹೋಗುತ್ತದೆ. ಬಾಯಿ, ಮೂಗು ಎರಡೂ ಪ್ಲಾಸ್ಟಿಕ್ ಒಳಗೆ. ಫುಲ್ ಫೇಸ್ ಮಾಸ್ಕ್‌ನಲ್ಲಿ ಇದಕ್ಕೆಂದೇ ಒಂದು ವಾಲ್ವ್ ಇರುತ್ತದೆ, ಗಾಳಿ ನಿಂತ ತಕ್ಷಣ ತೆರೆದುಕೊಂಡು ಹೊರಗಿನ ಗಾಳಿ ಬಿಡುತ್ತದೆ. ಉಸಿರು ಕಟ್ಟುವುದಿಲ್ಲ ಅಂತ ನನಗೆ ಗೊತ್ತು. ನಿದ್ದೆಗಣ್ಣಿನಲ್ಲಿ ಅದೆಲ್ಲ ಎಲ್ಲಿ ನೆನಪಿರುತ್ತದೆ! ಮುಖದ ಮೇಲೆ ಬಿಸಿ ಉಸಿರು ತುಂಬಿಕೊಂಡಂತಾಗಿ ಗಾಬರಿಯಿಂದ ಎದ್ದು ಮಾಸ್ಕ್ ಕಿತ್ತೆಸೆಯುತ್ತಿದ್ದೆ. ಕತ್ತಲಲ್ಲಿ ಪಟ್ಟಿ ಜಡೆಗೆ ಸಿಕ್ಕಿಕೊಳ್ಳುವುದು ಬೇರೆ. "ಟಾರ್ಚ್ ಎಲ್ರೀ" ಅಂತ ಯಜಮಾನರನ್ನೂ ಎಬ್ಬಿಸಿದ್ದಾಯಿತು. ಒಮ್ಮೆ ಹೀಗೆ ಎದ್ದರೆ ಮತ್ತೆ ಅದನ್ನು ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ. ಕರೆಂಟ್ ಬಂದರೂ ಮಾಸ್ಕ್ ದಿಂಬಿನ ಪಕ್ಕದಲ್ಲೇ.

ನೇಸಲ್ ಮಾಸ್ಕ್‌ನಲ್ಲೂ ಕರೆಂಟ್ ಹೋದರೆ ಎಚ್ಚರವಾಗುತ್ತದೆ. ಆದರೆ ಬಾಯಿಗೆ ಏನೂ ಅಡ್ಡ ಇರುವುದಿಲ್ಲ. ಒಂದು ಉಸಿರು ಎಳೆದುಕೊಂಡು ನಿಧಾನವಾಗಿ ಕ್ಲಿಪ್ ಬಿಚ್ಚಬಹುದು. ಈ ಸಣ್ಣ ವ್ಯತ್ಯಾಸದಿಂದಲೇ ನಾನು ಈಗ ಮಳೆಗಾಲದಲ್ಲೂ ಮೆಷಿನ್ ಬಿಡದೆ ಹಾಕುತ್ತಿದ್ದೇನೆ.

ಇನ್ವರ್ಟರ್ ವಿಷಯದಲ್ಲಿ ಇನ್ನೊಂದು ಮಾತು. ಕರೆಂಟ್ ಜಾಸ್ತಿ ತಿನ್ನುವುದು ಗಾಳಿ ಊದುವ ಮೋಟಾರ್ ಅಲ್ಲ, ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್. ಮಳೆಗಾಲದಲ್ಲಿ ಅದನ್ನು ಆಫ್ ಮಾಡಿಬಿಡುತ್ತೇನೆ. ಬಟ್ಟೆಯೇ ಒಣಗದ ಮನೆಯಲ್ಲಿ ಮೂಗು ಎಲ್ಲಿ ಒಣಗುತ್ತದೆ? ಕಾಫಿ ಕುಯ್ಲಿನ ಚಳಿಯಲ್ಲಿ ಮಾತ್ರ ಅದು ಬೇಕೇ ಬೇಕು. ಆಗ ಟ್ಯೂಬಿನೊಳಗೆ ನೀರು ಕಟ್ಟಿ ಗೊಳಗೊಳ ಅನ್ನುತ್ತದೆ. ಮೆಷಿನ್ನನ್ನು ಮಂಚಕ್ಕಿಂತ ಕೆಳಗಿಟ್ಟು, ಟ್ಯೂಬನ್ನು ರಗ್ಗಿನೊಳಗೆ ತಂದರೆ ಬಹುಪಾಲು ಸರಿಹೋಗುತ್ತದೆ.

ಮಾಸ್ಕ್‌ಗಳಲ್ಲಿ ಮೂರನೆಯದು ನೇಸಲ್ ಪಿಲ್ಲೋ. ಮೂಗಿನ ಹೊಳ್ಳೆಗೆ ಎರಡು ಪುಟ್ಟ ಸಿಲಿಕಾನ್ ತುದಿ, ಮುಖದ ಮೇಲೆ ಬೇರೇನೂ ಇಲ್ಲ. ಮೂರರಲ್ಲಿ ಹಗುರ ಇದೇ. ನನಗೆ ಮೂಗುಬೊಟ್ಟು ಅಡ್ಡ ಬಂತು. ಅದನ್ನು ದಿನಾ ರಾತ್ರಿ ಬಿಚ್ಚಿಡುವ ಪೈಕಿ ನಾನಲ್ಲ.

ನೇಸಲ್‌ನಲ್ಲಿ ಕಿರಿಕಿರಿಯೇ ಇಲ್ಲ ಅಂತಲ್ಲ. ಶುರುವಿನಲ್ಲಿ ನಿದ್ದೆಯಲ್ಲಿ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಅಲ್ಲಿಂದ ಹೊರಗೆ. ಬೆಳಿಗ್ಗೆ ನಾಲಿಗೆ ಒಣಕಲು. ಗದ್ದಕ್ಕೆ ಕಟ್ಟುವ ಪಟ್ಟಿ ಸ್ವಲ್ಪ ದಿನ ಹಾಕಿದೆ, ಆಮೇಲೆ ಅಭ್ಯಾಸವಾಯಿತು. ಶೀತವಾಗಿ ಮೂಗು ಕಟ್ಟಿದರೆ ಮಾತ್ರ ಇದು ಉಪಯೋಗಕ್ಕೆ ಬರುವುದಿಲ್ಲ. ಅಂಥ ದಿನಗಳಿಗೆ ಹಳೆಯ ಫುಲ್ ಫೇಸ್ ಬೀರುವಿನಲ್ಲಿದೆ. ಮಲಗುವಾಗ ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚಿದರೆ ಯಾವ ಮಾಸ್ಕೂ ಸರಿಯಾಗಿ ಕೂರುವುದಿಲ್ಲ.

ದುಡ್ಡಿನ ಲೆಕ್ಕದಲ್ಲೂ ನನಗೆ ನೇಸಲ್ಲೇ ಸಲೀಸು. ಮುಖಕ್ಕೆ ತಾಗುವ ಮೆತ್ತನೆಯ ಭಾಗ, ಅಂದರೆ ಕುಶನ್, ಸವೆದಾಗ ಬದಲಾಯಿಸಲೇಬೇಕು, ನಾನು ವಿಚಾರಿಸಿದ ಕಡೆಯೆಲ್ಲ ಇದರ ಕುಶನ್ ಫುಲ್ ಫೇಸಿನದಕ್ಕಿಂತ ಕಮ್ಮಿ ಬೆಲೆಗೆ ಸಿಕ್ಕಿತು. ಮೂಗು ಸದಾ ಕಟ್ಟಿಕೊಂಡೇ ಇರುವವರು, ಬಾಯಿಂದಲೇ ಉಸಿರಾಡುವವರು ಡಾಕ್ಟರನ್ನು ಕೇಳಿ ಫುಲ್ ಫೇಸ್ ತಗೊಳ್ಳಲಿ. ಉಳಿದವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮಲಗಿ, ಡಾಕ್ಟರು ನಿಮಗೆ ಬರೆದುಕೊಟ್ಟ ಗಾಳಿಯ ಪ್ರೆಶರ್‌ನಲ್ಲೇ ಮೆಷಿನ್ ಹಾಕಿಸಿ, ಎಡಕ್ಕೂ ಬಲಕ್ಕೂ ಹೊರಳಿ ನೋಡಿ. ಅಲ್ಲಿ ಮಂಚ ಇಲ್ಲ ಅಂದರೆ ಬೇರೆ ಅಂಗಡಿ ಹುಡುಕಿ.