ಬಿ.ಎ. ಬಳಿಕ: ದೇವನಾರ್‌ನ ಸಮಾಜಕಾರ್ಯವೋ, ಪುಣೆಯ ಅರ್ಥಶಾಸ್ತ್ರವೋ?

ಬಿ.ಎ. ಮುಗಿಸಿದ ಮುಂಬಯಿ ಕನ್ನಡಿಗರ ಮಕ್ಕಳು ಸಾಮಾನ್ಯವಾಗಿ ತೂಗಿ ನೋಡಬೇಕಾದ ಎರಡು ದಾರಿಗಳೆಂದರೆ, 1936ರಲ್ಲಿ ಆರಂಭವಾದ, ಮುಂಬಯಿಯ ದೇವನಾರ್‌ನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಸಮಾಜಕಾರ್ಯ ಮತ್ತು 1930ರಲ್ಲಿ ಸ್ಥಾಪನೆಯಾದ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರ.

ಸಮಾಜಕಾರ್ಯಕ್ಕೆ ಕ್ಷೇತ್ರಕಾರ್ಯವೇ ಜೀವಾಳ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರನ್ನು ಕೂರಿಸಿಕೊಂಡು, ಚಿಕಿತ್ಸೆಯ ಖರ್ಚಿಗೆ ಯಾವ ಟ್ರಸ್ಟಿಗೆ ಅರ್ಜಿ ಹಾಕಬೇಕು, ಯಾವ ದಾಖಲೆಗಳನ್ನು ಜೋಡಿಸಬೇಕು ಎಂದು ತಿಳಿಹೇಳುವ ಈ ಕೆಲಸಕ್ಕೆ ಮರಾಠಿ, ಹಿಂದಿಗಳೊಂದಿಗೆ ಕನ್ನಡವನ್ನೂ ಬಲ್ಲವರು ನಿಜಕ್ಕೂ ಬೇಕು. 2013ರ ಕಂಪನಿ ಕಾಯ್ದೆಯು ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂದ ಮೇಲೆ ಅಲ್ಲಿಯೂ ಹುದ್ದೆಗಳಿವೆ.

ಅರ್ಥಶಾಸ್ತ್ರದ ಸ್ನಾತಕೋತ್ತರರಿಗೆ ಬ್ಯಾಂಕು, ಸಂಶೋಧನೆಗಳಲ್ಲದೆ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಯೂ ತೆರೆದಿರುತ್ತದೆ. ಗಣಿತಕ್ಕೆ ಅಂಜದವರಿಗೆ ನಾನು ಪುಣೆಯನ್ನೇ ಸೂಚಿಸುವೆನು, ಏಕೆಂದರೆ ಸಮಾಜಕಾರ್ಯ ಓದಿದವರು ಸೇರುವ ಸ್ವಯಂಸೇವಾ ಸಂಸ್ಥೆಗಳ ಆರಂಭದ ಸಂಬಳದಲ್ಲಿ ಮುಂಬಯಿಯ ಬಾಡಿಗೆಯನ್ನು ತೂಗಿಸುವುದು ಕಷ್ಟ.