ದೃಶ್ಯಕಲೆಯ ಪಾಠ: ನೋಟ್ಸ್ ಮೊದಲೋ, ಗೋಡೆ ಮೊದಲೋ?

ಬಿ.ಎ. ಮೊದಲ ವರ್ಷದಲ್ಲಿ ನಾನು ಐಚ್ಛಿಕವಾಗಿ ತಗೊಂಡದ್ದು ದೃಶ್ಯಕಲೆ ಮತ್ತು ಸಂಸ್ಕೃತಿಯ ಪರಿಚಯ ಪಾಠ. ಚಿತ್ರ ಬಿಡಿಸೋಕೆ ಕಲಿಸುವ ಪಾಠ ಅಲ್ಲ ಇದು. ಚಿತ್ರ, ಶಿಲ್ಪ, ಕಟ್ಟಡ, ವೇಷ ಇವನ್ನೆಲ್ಲ ನೋಡೋದು ಹೇಗೆ, ನೋಡಿದ್ದನ್ನು ಮಾತಿನಲ್ಲಿ ಹೇಳೋದು ಹೇಗೆ ಅನ್ನೋದೇ ಇಲ್ಲಿನ ಕಲಿಕೆ. ಗೆರೆ, ಆಕಾರ, ಬಣ್ಣ, ಮೇಲ್ಮೈ, ಅಳತೆ ಅಂತ ಶುರುವಾಗಿ, ಅದನ್ನು ಯಾರು ಮಾಡಿದರು, ಯಾರಿಗಾಗಿ, ಯಾಕೆ ಅನ್ನುವಲ್ಲಿಗೆ ಹೋಗುತ್ತದೆ.

ಕುಮಟಾದಲ್ಲಿ ಕೂತು ಇದನ್ನು ಓದುವವರಿಗೆ ದೊಡ್ಡ ಕಲಾ ಮ್ಯೂಸಿಯಂ ಹತ್ತಿರದಲ್ಲಿಲ್ಲ. ಹಾಗಾಗಿ ದಾರಿ ನಾವೇ ಹುಡುಕಿಕೊಳ್ಳಬೇಕು. ನಾನು ಹಿಡಿದು ನೋಡಿದ್ದು ನಾಲ್ಕು: ಕೈಗೆ ಬಂದ ನೋಟ್ಸ್ ಮತ್ತು ಪಠ್ಯ, ವಿಡಿಯೋ ಪಾಠ, ಮ್ಯೂಸಿಯಂಗಳು ಅಂತರ್ಜಾಲದಲ್ಲಿ ಇಟ್ಟಿರುವ ದೊಡ್ಡ ಚಿತ್ರಗಳ ಝೂಮ್, ಮತ್ತೆ ನಮ್ಮ ಜಿಲ್ಲೆಯಲ್ಲೇ ಇರುವ ಚಿತ್ರ, ಶಿಲ್ಪದ ಎದುರು ಪೆನ್ಸಿಲ್ ಹಿಡಿದು ನಿಲ್ಲೋದು. ಈ ನಾಲ್ಕನೆಯದನ್ನೇ ನಾನು ಗೋಡೆ ಅನ್ನೋದು. ಈ ವರ್ಷ ಸೇರಿದವರು ಯಾವುದು ಒಳ್ಳೇದು ಅಂತ ಕೇಳುತ್ತಿದ್ದಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೊದಲು ಗೋಡೆ, ಆಮೇಲೆ ಝೂಮ್, ಆಮೇಲೆ ನೋಟ್ಸ್. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ನೋಟ್ಸ್ ಮುಗಿಸುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ.

ನೋಟ್ಸಿನಿಂದ ಆಗುವ ಲಾಭ ಸಣ್ಣದಲ್ಲ. ಹೆಸರು, ಇಸವಿ, ಕ್ರಮ ಇವು ಬೇರೆಲ್ಲೂ ಇಷ್ಟು ಬೇಗ ಸಿಗೋದಿಲ್ಲ. ತೊಂದರೆ ಇರೋದು ಚಿತ್ರಗಳಲ್ಲಿ. ಜೆರಾಕ್ಸ್ ಮಾಡಿದ ಪ್ರತಿಯಲ್ಲಿ ಬಣ್ಣದ ಚಕ್ರವೂ ಬೂದಿ ಬಣ್ಣ, ಅಜಂತಾದ ಭಿತ್ತಿಚಿತ್ರವೂ ಬೂದಿ ಬಣ್ಣ. ಬೆಚ್ಚಗಿನ ಬಣ್ಣ, ತಣ್ಣಗಿನ ಬಣ್ಣ ಅಂತ ಬಾಯಿಪಾಠ ಮಾಡಬಹುದು, ಕಣ್ಣಿಗೆ ಏನೂ ಗೊತ್ತಾಗೋದಿಲ್ಲ. ಆದರೆ ಅದೇ ನೋಟ್ಸಿನಲ್ಲಿ ಒಂದು ಸಾಲು ನನಗೆ ತುಂಬ ಉಪಯೋಗಕ್ಕೆ ಬಂತು. ಹೈನ್ರಿಕ್ ವೋಲ್ಫ್ಲಿನ್ ಅನ್ನುವ ಸ್ವಿಸ್ ಕಲಾ ಇತಿಹಾಸಕಾರರು ತರಗತಿಯಲ್ಲಿ ಎರಡು ಸ್ಲೈಡ್‌ಗಳನ್ನು ಒಟ್ಟಿಗೇ ತೋರಿಸಿ ಪಾಠ ಮಾಡುತ್ತಿದ್ದರಂತೆ. ಒಂದನ್ನೇ ನೋಡಿದರೆ ಹೇಳೋಕೆ ಮಾತು ಸಿಗೋದಿಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟ ಕೂಡಲೇ ಮಾತು ಶುರುವಾಗುತ್ತದೆ. ಇದನ್ನೇ ನಮ್ಮ ಕಡೆಯ ಎರಡು ಕಲೆಗಳ ಮೇಲೆ ಪ್ರಯೋಗ ಮಾಡೋಣ ಅನ್ನಿಸಿತು.

ಆರಿಸಿದ್ದು ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಕಲೆ ಮತ್ತು ದೀವರು ಸಮುದಾಯದ ಹೆಂಗಸರು ಮನೆಯ ಗೋಡೆಗೆ ಬಿಡಿಸುವ ಹಸೆ ಚಿತ್ತಾರ. ಎರಡೂ ಕೆಂಪು–ಬಿಳಿ. ಎರಡರ ಫೋಟೋವನ್ನೂ ಫೋನಿನಲ್ಲಿ ಅಕ್ಕಪಕ್ಕ ಇಟ್ಟು ಗೆಳತಿಗೆ ತೋರಿಸಿದೆ. ಎರಡೂ ಕಡೆ ಕೆಂಪು ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬಿಡಿಸಿದ್ದಾರೆ ಅಂದಳು. ಫೋಟೋ ನೋಡಿದರೆ ಯಾರೇ ಆದರೂ ಹಾಗೇ ಹೇಳುತ್ತಾರೆ. ಎಷ್ಟು ಝೂಮ್ ಮಾಡಿದರೂ ಅದೇ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆವು. ದೇವಸ್ಥಾನ ಕಟ್ಟಿದ್ದು 1688ರಲ್ಲಿ, ಮುಂಭಾಗ ಆಮೇಲಿನದು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಗೋಡೆ ನೋಡೋಕೆ ಎಡೆಯೇ ಇರೋದಿಲ್ಲ, ಹಾಗಾಗಿ ಸುಮ್ನೆ ಒಂದು ವಾರದ ದಿನ ಹೋಗೋದು ಒಳ್ಳೇದು. ಅಲ್ಲಿದ್ದವರನ್ನು ಕೇಳಿ, ಮೊಬೈಲ್ ಟಾರ್ಚನ್ನು ಗೋಡೆಯ ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದೆ. ಆಗ ಕಂಡಿತು. ಬಿಳಿ ಗೆರೆಗಳು ಕೆಂಪಿನ ಮೇಲೆ ಕೂತಿಲ್ಲ. ಕೆಂಪಿಗಿಂತ ಒಳಗಿವೆ. ಪ್ರತಿ ಗೆರೆಯ ಅಂಚಿನಲ್ಲೂ ಕೂದಲೆಳೆಯಷ್ಟು ನೆರಳು.

ಕಾವಿಯಲ್ಲಿ ಮೊದಲು ಸುಣ್ಣದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳು ಪದರ. ಅದು ಗಟ್ಟಿಯಾಗುವ ಮೊದಲು ಚೂಪಾದ ಕಬ್ಬಿಣದ ಕಡ್ಡಿಯಿಂದ ಕೊರೆದು, ಬೇಡದ ಕಡೆ ಕೆಂಪನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಸುಣ್ಣ ಬಿಳಿಯಾಗಿ ಕಾಣುತ್ತದೆ. ಅಂದರೆ ಬಿಳಿಯನ್ನು ಯಾರೂ ಬಳಿದಿಲ್ಲ. ಮಳೆ, ಉಪ್ಪುಗಾಳಿ ಜಾಸ್ತಿ ಇರುವ ಕೊಂಕಣ ಕರಾವಳಿಯಲ್ಲಿ ಈ ಕಲೆ ಬೆಳೆದದ್ದು, ಬಣ್ಣ ಗಾರೆಯ ಜೊತೆಗೇ ಗಟ್ಟಿಯಾಗುತ್ತದೆ.

ಮನೆಗೆ ಬಂದು ಬಿಳಿ ಡ್ರಾಯಿಂಗ್ ಹಾಳೆಗೆ ಕೆಂಪು ಕ್ರೇಯಾನ್ ದಪ್ಪಗೆ ತಿಕ್ಕಿ, ಕಂಪಾಸಿನ ಮೊನೆಯಿಂದ ಕೆರೆದು ನೋಡಿದೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಇಲ್ಲಿ ಯೋಚನೆಯೇ ಬೇರೆ. ಪೆನ್ಸಿಲಿನಲ್ಲಾದರೆ ಆನೆ ಬೇಕು ಅಂದರೆ ಆನೆ ಬಿಡಿಸುತ್ತೇವೆ. ಇಲ್ಲಿ ಆನೆ ಬೇಕು ಅಂದರೆ ಆನೆಯ ಸುತ್ತ ಇರುವುದನ್ನು ತೆಗೆಯಬೇಕು. ಒಮ್ಮೆ ಕೆರೆದದ್ದು ಮತ್ತೆ ಕೆಂಪಾಗೋದಿಲ್ಲ. ವಸ್ತು ಮತ್ತು ಹಿನ್ನೆಲೆ ಅಂತ ನೋಟ್ಸಿನಲ್ಲಿ ಎರಡು ಪುಟ ಇದೆ ನೋಡಿ, ಆ ಎರಡು ಪುಟ ನನಗೆ ಅರ್ಥವಾದದ್ದು ಈ ಹಾಳೆಯ ಮೇಲೆ.

ಚಿತ್ತಾರ ನೋಡಲು ಹೋದದ್ದು ಸಿದ್ದಾಪುರ ತಾಲೂಕಿಗೆ, ಗೆಳತಿಯ ಚಿಕ್ಕಮ್ಮನ ಮನೆಗೆ. ಇಲ್ಲಿ ಗೋಡೆಗೆ ಮೊದಲೇ ಕೆಮ್ಮಣ್ಣು ಸಾರಿಸಿರುತ್ತಾರೆ. ಅಕ್ಕಿ ನೆನೆಸಿ ಅರೆದ ಹಿಟ್ಟು ಬಿಳಿ ಬಣ್ಣ, ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಮಾಡಿದ್ದು ಕಪ್ಪು ಬಣ್ಣ. ಕುಂಚ ಪುಂಡಿ ನಾರಿನದು. ಚಿಕ್ಕಮ್ಮ ನಾರನ್ನು ಗೋಡೆಗೆ ಉದ್ದಕ್ಕೆ ಒರಗಿಸಿ ಎಳೆಯುತ್ತಿದ್ದರು. ಗೆರೆ ಕಾಣಿಸುತ್ತಲೇ ಇಲ್ಲ, ಒದ್ದೆ ಗುರುತು ಮಾತ್ರ. ನಾನು ಮತ್ತೊಮ್ಮೆ ಬಣ್ಣ ಅದ್ದಲು ಹೋದಾಗ, "ಗಡಿಬಿಡಿ ಮಾಡ್ಬೇಡ ತಂಗಿ, ಒಣಗಿದ್ಮೇಲೆ ಕಾಣ್ತದೆ" ಅಂದರು. ಸ್ವಲ್ಪ ಹೊತ್ತಿಗೆ ಅದೇ ಗೆರೆ ಬೆಳ್ಳಗಾಗಿ ಎದ್ದಿತು. ಅಂದರೆ ಎಳೆಯುವಾಗ ಪೂರ್ತಿ ಕಾಣದ ಗೆರೆಯನ್ನು ಅವರು ಕೈಯಳತೆಯಲ್ಲೇ ಸಮ ಇಡುತ್ತಾರೆ. ಪಕ್ಕಪಕ್ಕ ಇಷ್ಟೊಂದು ಗೆರೆ, ಒಂದೇ ದಪ್ಪ, ಒಂದೇ ಅಂತರ. ಮದುವೆಗೆ ಹಸೆ ಗೋಡೆ ತುಂಬುವ ಈ ಹೆಂಗಸರನ್ನು ಯಾವ ದೊಡ್ಡ ಕಲಾವಿದರ ಪಕ್ಕದಲ್ಲಿ ನಿಲ್ಲಿಸಿದರೂ ಕಮ್ಮಿ ಅಲ್ಲ ಅಂತ ನನಗೆ ಆವತ್ತು ಖಾತ್ರಿಯಾಯಿತು.

ಒಂದರಲ್ಲಿ ತೆಗೆದರೆ ಬಿಳಿ, ಇನ್ನೊಂದರಲ್ಲಿ ಇಟ್ಟರೆ ಬಿಳಿ. ಪಕ್ಕಪಕ್ಕದ ಎರಡು ತಾಲೂಕಿನಲ್ಲಿ ಎರಡು ತದ್ವಿರುದ್ಧ ಕೆಲಸ. ಈ ಒಂದು ಸಂಗತಿ ಹೇಳೋಕೆ ಫೋಟೋದಿಂದ ಆಗಲಿಲ್ಲ, ನೋಟ್ಸಿನಿಂದಲೂ ಆಗಲಿಲ್ಲ. ಗೋಡೆಗೆ ನಾನು ಮೊದಲ ಸ್ಥಾನ ಕೊಡೋದು ಇದಕ್ಕೇ.

ಹಾಗಂತ ಝೂಮ್ ಬೇಡ ಅಲ್ಲ. ಗೂಗಲ್‌ನವರ ಆರ್ಟ್ ಪ್ರಾಜೆಕ್ಟ್ 2011ರಲ್ಲಿ ಶುರುವಾದ ಮೇಲೆ ದೂರದ ಮ್ಯೂಸಿಯಂಗಳ ಚಿತ್ರಗಳನ್ನು ಹತ್ತಿರದಿಂದ ನೋಡೋದು ನಮ್ಮಂಥವರಿಗೂ ಸಾಧ್ಯವಾಯಿತು. ವ್ಯಾನ್ ಗಾಗ್ 1889ರಲ್ಲಿ ಬರೆದ ನಕ್ಷತ್ರದ ರಾತ್ರಿಯ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡುತ್ತಾ ಹೋದೆ. ಬಣ್ಣ ದಪ್ಪಗೆ ಕೂತ ಕಡೆ ಕುಂಚದ ಕೂದಲಿನ ಗೀರುಗಳು ಕಾಣುತ್ತವೆ. ಆಕಾಶದಲ್ಲಿ ಕುಂಚ ಯಾವ ಕಡೆ ತಿರುಗಿತು ಅಂತ ಬೆರಳಿನಿಂದ ಅನುಸರಿಸಬಹುದು. ನ್ಯೂಯಾರ್ಕಿಗೇ ಹೋದರೂ ಇಷ್ಟು ಹತ್ತಿರ ಮುಖ ಇಟ್ಟು ನೋಡಲು ಕಾವಲಿನವರು ಬಿಡೋದಿಲ್ಲ, ಅಲ್ವಾ?

ಝೂಮಿಗೆ ಗೊತ್ತಾಗದೇ ಇರೋದು ಅಳತೆ. ಫೋನಿನಲ್ಲಿ ಎಲ್ಲ ಚಿತ್ರವೂ ಫೋನಿನಷ್ಟೇ. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ 3.49 ಮೀಟರ್ ಎತ್ತರ, 7.77 ಮೀಟರ್ ಅಗಲ. ಮೊನಾಲಿಸಾ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ. ಅಂಕಿ ಬರೆದುಕೊಂಡರೆ ಪರೀಕ್ಷೆಗೆ ಆಯಿತು, ಮೈಗೆ ಗೊತ್ತಾಗಬೇಕಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಹಗ್ಗ ಅಳೆದು ಒದ್ದೆ ಮರಳಿನ ಮೇಲೆ ಗೆರ್ನಿಕಾದ ಚೌಕಟ್ಟು ಎಳೆದೆವು. ಒಂದು ಮೂಲೆಯಲ್ಲಿ ಮೊನಾಲಿಸಾವನ್ನೂ ಎಳೆದೆವು. ಸತ್ತ ಮಗುವನ್ನು ಹಿಡಿದ ತಾಯಿ ಇರೋದು ಚಿತ್ರದ ಎಡ ತುದಿಯಲ್ಲಿ. ಕೈ ಮೇಲೆತ್ತಿ ಬೆಂಕಿಯಲ್ಲಿ ಸಿಕ್ಕ ಆಕೃತಿ ಬಲ ತುದಿಯಲ್ಲಿ. ಫೋನಿನಲ್ಲಿ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಮರಳಿನಲ್ಲಿ ಒಬ್ಬರಿಂದ ಇನ್ನೊಬ್ಬರ ಹತ್ತಿರಕ್ಕೆ ನಡೆದುಕೊಂಡು ಹೋಗಬೇಕು. ಗೆರ್ನಿಕಾ ಅನ್ನುವ ಸ್ಪೇನಿನ ಊರಿನ ಮೇಲೆ ಬಾಂಬು ಬಿದ್ದ ಸಂಕಟವನ್ನು ಇಷ್ಟು ದೊಡ್ಡದಾಗಿ ಯಾಕೆ ಬರೆದರು ಅನ್ನೋದಕ್ಕೆ ಆ ನಡಿಗೆಯಲ್ಲಿ ನನಗೊಂದು ಉತ್ತರ ಸಿಕ್ಕಿತು. ಹಗ್ಗ ಒಂದಿದ್ದರೆ ಸಾಕು, ಎಲ್ಲರೂ ಮಾಡಿ ನೋಡಿ.

(ಆ ತೀರಕ್ಕೆ ಹೆಸರು ಕೊಟ್ಟ ಟಾಗೋರರು ಇಪ್ಪತ್ತರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇರಲು ಬಂದಿದ್ದರು. ಚಿತ್ರ ಬರೆಯುವುದನ್ನು ಮನಸ್ಸಿಟ್ಟು ಹಿಡಿದದ್ದು ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ, ಪ್ಯಾರಿಸ್‌ನಲ್ಲಿ. ತಡವಾಗಿ ಶುರು ಮಾಡುವವರು ಇದನ್ನು ನೆನಪಿಡಿ.)

ವಿಡಿಯೋ ಪಾಠದ ಬಗ್ಗೆ ಹೆಚ್ಚು ಹೇಳೋದಿಲ್ಲ. ಕೆಲಸ ಮಾಡುವ ಕ್ರಮ ತೋರಿಸುವ ವಿಡಿಯೋ ಒಳ್ಳೇದು: ಹಸಿ ಗಾರೆಯ ಮೇಲೆ ಬಣ್ಣ ಹಾಕೋದು, ಮೇಣದ ಅಚ್ಚಿನಿಂದ ಕಂಚು ಎರೆಯೋದು, ಇಂಥವು. ಚಿತ್ರ ವಿವರಿಸುವ ವಿಡಿಯೋದಲ್ಲಿ ಎಲ್ಲಿ ನೋಡಬೇಕು ಅಂತ ಅವರೇ ತೀರ್ಮಾನ ಮಾಡಿರುತ್ತಾರೆ. ನಮ್ಮ ಕಣ್ಣಿಗೆ ಕೆಲಸ ಇರೋದಿಲ್ಲ. ಧ್ವನಿ ಮುಚ್ಚಿ, ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಮಾತ್ರ ನನಗೆ ಉಪಯೋಗ ಆಯಿತು.

ಗೋಡೆಗಿಂತ ನೋಟ್ಸ್ ಮೇಲು ಅಂತ ಒಪ್ಪಬೇಕಾದ ಜಾಗ ಬನವಾಸಿ. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ನಾಗನ ಕಲ್ಲು ಇದೆ. ಅದರ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಎಷ್ಟು ಹೊತ್ತು ನಿಂತು ನೋಡಿದರೂ ಹೆಡೆಯ ಸುತ್ತು, ಹೊಟ್ಟೆಯ ಮಡಿಕೆ ಕಾಣುತ್ತದೆ, ಅಕ್ಷರ ಅಕ್ಷರವಾಗೇ ಉಳಿಯುತ್ತದೆ. ಓದಿದವರು ಬರೆದಿಟ್ಟಿದ್ದರಿಂದ ಗೊತ್ತು: ಇದು ಚುಟು ಮನೆತನದ ಅರಸನ ಮಗಳು ಕೊಟ್ಟ ದಾನ, ಕಡೆದವನು ನಟಕ ಅನ್ನುವ ಶಿಲ್ಪಿ. ಅವನ ಗುರುವಿನ ಹೆಸರೂ ಕಲ್ಲಿನ ಮೇಲಿದೆ. ನಮ್ಮ ದೇಶದ ಹಳೆಯ ಶಿಲ್ಪಿಗಳು ಹೆಸರು ಬಿಟ್ಟು ಹೋಗಲಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕದಂಬರಿಗಿಂತ ಮೊದಲೇ ಇಲ್ಲಿ ಒಬ್ಬ ಹೆಸರು ಕೊರೆಸಿ ಹೋಗಿದ್ದಾನೆ. ಯಾರು ಮಾಡಿದರು, ಯಾರು ಮಾಡಿಸಿದರು ಅನ್ನುವ ಪ್ರಶ್ನೆ ಬಂದಾಗ ಕಣ್ಣು ಒಂದೇ ಸಾಕಾಗೋದಿಲ್ಲ. ಆದರೆ ನಾನು ಮೊದಲು ಕಲ್ಲು ನೋಡಿ, ಆಮೇಲೆ ಓದಿದೆ. ಹಾಗಾಗಿ ಆ ಹೆಸರು ಮರೆತು ಹೋಗಲಿಲ್ಲ.

ಅರ್ಥ ಓದುವ ಪಾಠಕ್ಕೆ ಬಂದರೆ ಇನ್ನೊಂದು ಹೋಲಿಕೆ. ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿಯವರು ಹೇಳಿದ, ಚಿತ್ರದ ಅರ್ಥ ಓದುವ ಮೂರು ಹಂತ ನೋಟ್ಸಿನಲ್ಲಿದೆ: ಕಣ್ಣಿಗೆ ಕಾಣುವ ವಸ್ತು, ರೂಢಿಯಿಂದ ತಿಳಿಯುವ ಅರ್ಥ, ಅದರ ಹಿಂದಿನ ಕಾಲದ ಮನಸ್ಸು. ಅವರು ಕೊಟ್ಟ ಉದಾಹರಣೆ ದಾರಿಯಲ್ಲಿ ಟೋಪಿ ಎತ್ತಿ ವಂದಿಸುವ ಮನುಷ್ಯನದು. ನಮ್ಮ ಕಡೆ ಯಾರೂ ಟೋಪಿ ಎತ್ತೋದಿಲ್ಲ, ಅದು ತಲೆಗೆ ಹತ್ತಲೂ ಇಲ್ಲ. ಹೊನ್ನಾವರದ ಕಡೆ ಒಂದು ರಾತ್ರಿ ಯಕ್ಷಗಾನದ ಆಟಕ್ಕೆ ಹೋದೆ. ಅಭಿಮನ್ಯುವಿನಂಥ ಎಳೆಯ ವೀರರಿಗೆ ಕೇದಗೆ ಮುಂದಲೆ ಅನ್ನುವ ತಲೆಯ ಅಲಂಕಾರ, ರಾಜನಿಗೆ ಕಿರೀಟ, ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ, ಅಂದರೆ ಉಬ್ಬಿದ ಚುಕ್ಕೆಗಳು. ಪಾತ್ರ ಬಾಯಿ ಬಿಡುವ ಮೊದಲೇ ಪಕ್ಕದಲ್ಲಿ ಕೂತ ಅಜ್ಜ ಯಾರು ಬಂದರು ಅಂತ ಹೇಳುತ್ತಿದ್ದರು. ಎರಡನೇ ಹಂತ ಅಂದರೆ ಇದೇ. ವೇಷ ಕಲಿತವರಿಗೆ ಅರ್ಥ ತಾನಾಗಿ ಬರುತ್ತದೆ, ಕಲಿಯದವರಿಗೆ ಬಣ್ಣ ಮಾತ್ರ ಕಾಣುತ್ತದೆ. ಮರುದಿನ ಉತ್ತರದಲ್ಲಿ ಟೋಪಿ ಬಿಟ್ಟು ಕೇದಗೆ ಮುಂದಲೆ ಬರೆದೆ.

ಖರ್ಚಿನ ಲೆಕ್ಕವೂ ಹೇಳಬೇಕು. ಗೋಡೆಗೆ ಬಸ್ಸಿನ ದುಡ್ಡು, ದಿನ ಪೂರ್ತಿ ಸಮಯ, ಮಳೆಗಾಲದಲ್ಲಿ ಘಟ್ಟದ ರಸ್ತೆಯ ಚಿಂತೆ. ನೋಟ್ಸಿಗೆ ಇದೊಂದೂ ಇಲ್ಲ. ಪರೀಕ್ಷೆಗೆ ವಾರ ಉಳಿದಿದ್ದರೆ ನೋಟ್ಸ್ ಹಿಡಿಯಿರಿ, ಬೇರೆ ದಾರಿ ಇಲ್ಲ. ಸೆಮಿಸ್ಟರ್ ಈಗಷ್ಟೇ ಶುರುವಾಗಿದ್ದರೆ ಮೊದಲ ತಿಂಗಳು ನೋಟ್ಸ್ ಮುಟ್ಟದೆ, ಹತ್ತಿರದ ಒಂದೇ ಒಂದು ಕೆಲಸ ಆರಿಸಿ ಅದರ ಎದುರು ಕೂರಿ.

ಶಿರಸಿ ದೂರ ಅನ್ನುವ ಕರಾವಳಿಯವರಿಗೆ ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಹೇಳುತ್ತೇನೆ. 16ನೇ ಶತಮಾನದ್ದು. ಗೋಡೆಗಳ ಮೇಲೆ ರಾಮಾಯಣದ ಕಥೆ ಸಣ್ಣ ಸಣ್ಣ ಆಕೃತಿಗಳಲ್ಲಿ ಸಾಲಾಗಿ ಸಾಗುತ್ತದೆ. ಗೋಡೆಯ ಕಲ್ಲನ್ನು ಮರದ ಪಟ್ಟಿಗಳಂತೆ ಕಡೆದು ಜೋಡಿಸಿದ್ದಾರೆ. ಮರದ ಕೆಲಸದ ರೀತಿಯನ್ನು ಕಲ್ಲಿಗೆ ಯಾಕೆ ತಂದರು ಅನ್ನೋದನ್ನು ಅಲ್ಲೇ ನಿಂತು ಯೋಚಿಸಿ, ನೋಟ್ಸ್ ಆಮೇಲೆ ತೆರೆಯಿರಿ. ಒಂದು ಟಾರ್ಚ್, ಅಡಿಪಟ್ಟಿ, ಎರಡು ಪೆನ್ಸಿಲ್ ಒಯ್ಯಿರಿ. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಿಗೆ ಕೆತ್ತನೆ ಚೆನ್ನಾಗಿ ಕಾಣುತ್ತದೆ.